ಮನೆಯವರ ಕಥೆ ಬರೆದರೆ ಅದು ಗೀಬತ್ (ಬೆನ್ನ ಹಿಂದೆ ಆಡಿಕೊಳ್ಳೋದು) ಆಗುತ್ತಾ?

ಹಾಳೆಪೆಟ್ಟಿಗೆ
ಅಸ್ಸಲಾಮು ಅಲೈಕುಮ್ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಸಹಿಸ್ಕೊಳ್ಳಿ.

ನಮ್ಮನೆ ಹಿರಿಯರು ಒಬ್ಬೊಬ್ಬರಾಗಿ ಹೋಗ್ತಾ ಇದ್ದಾರೆ. ಅವರ ಜೊತೆ ಅವರ ಮಾತೂ ಹೋಗುತ್ತಲ್ಲ ಅಂತ ನಾನೊಂದು ಕೆಲಸ ಹಿಡಿದೆ. ಯಾರು ಹೇಗೆ ದೀನ್ (ಧರ್ಮ) ಕಡೆ ಬಂದ್ರು, ಯಾರು ನಡುವೆ ದೂರ ಹೋಗಿದ್ರು, ಮದುವೆ, ಸಾವು, ಜಗಳ, ರಾಜಿ, ಎಲ್ಲ ಕೂರಿಸಿಕೊಂಡು ಕೇಳಿ, ಬರೆದು, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕ್ತಾ ಬಂದೆ. ದಾದಿಯ (ಅಬ್ಬಾನ ಅಮ್ಮ) ಹಜ್ ಬಗ್ಗೆ ಹಾಕಿದಾಗ ಎಲ್ಲರೂ ಮಾಶಾಅಲ್ಲಾಹ್ ಅಂದ್ರು. ಆಮೇಲೆ ಅಬ್ಬಾದು, ನಮ್ಮಪ್ಪನ ಕಥೆ, ಹಾಕಿದೆ. ಚಿಕ್ಕ ಚಾಚಾ, ಅಂದ್ರೆ ಅಬ್ಬಾನ ತಮ್ಮ, ತೀರಿಕೊಂಡ ಮೇಲೆ ಅಬ್ಬಾ ವರ್ಷಗಟ್ಟಲೆ ನಮಾಝ್ ಬಿಟ್ಟಿದ್ರು. ಒಂದು ದಿನ ಯಾರೂ ಎಬ್ಬಿಸದೆ ತಾವೇ ಫಜ್ರ್‌ಗೆ (ಬೆಳಗಿನ ನಮಾಝ್‌ಗೆ) ಎದ್ದು ವುಝೂ (ಅಂಗಶುದ್ಧಿ) ಮಾಡಿದ್ರು. ಇದನ್ನ ಅವರೇ ನನಗೆ ಹೇಳಿದ್ದು.

ಹಾಕಿ ಗಂಟೆ ಆಗಿರಲಿಲ್ಲ, ದೊಡ್ಡ ಚಾಚಾ (ಅಬ್ಬಾನ ಇನ್ನೊಬ್ಬ ತಮ್ಮ) ಫೋನು. "ಅಲ್ಲಾಹ್ ಮುಚ್ಚಿಟ್ಟಿದ್ದನ್ನ ನೀನ್ಯಾಕೆ ತೆರೀತೀಯಾ? ಅಳಿಸು." ಫೂಫಿ (ಅತ್ತೆ) ಇನ್ನೊಂದು ಹೆಜ್ಜೆ ಮುಂದೆ ಹೋಗಿ ಗೀಬತ್ ಅಂದ್ರು. ಅಬ್ಬಾ ಮಾತ್ರ ತುಟಿ ಬಿಚ್ಚಿಲ್ಲ. ಓದಿದ್ದಾರೆ ಅನ್ನೋದು ಗೊತ್ತು, ಅಷ್ಟೇ.

ಯಾವ ಕಥೆ ಹೇಳಬಹುದು, ಯಾವುದು ಕೂಡದು? ತಿಳಿದವರು ಹೇಳಿ.

ಕಡ್ಡಿಮುರಿದವ
ಚಾಚಾ ಹೇಳಿದ್ದು ಸರಿ. ಅಳಿಸಿ.

ತಂಪುನೆರಳು
ವಅಲೈಕುಮುಸ್ಸಲಾಮ್. ಅಷ್ಟು ಅವಸರ ಯಾಕಪ್ಪಾ? ಅಕ್ಕ ಈಗಷ್ಟೇ ಬಾಯಿ ತೆಗೆದಿದ್ದಾರೆ.

ಹಳೇಪೆನ್ನು
ಅವಸರದ ಮಾತಲ್ಲ, ಅದಕ್ಕೆ ಆಧಾರ ಇದೆ. ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿ ಅಬೂ ಹುರೈರಾ(ರ) ಅವರಿಂದ ಬಂದ ಹದೀಸ್ (ಪ್ರವಾದಿ ಮಾತು): ನನ್ನ ಉಮ್ಮತ್‌ಗೆಲ್ಲ (ಅನುಯಾಯಿಗಳಿಗೆಲ್ಲ) ಕ್ಷಮೆ ಉಂಟು, ತಮ್ಮ ಪಾಪವನ್ನ ತಾವೇ ಜಾಹೀರು ಮಾಡೋರನ್ನ ಬಿಟ್ಟು. ರಾತ್ರಿ ಏನೋ ಮಾಡಿರ್ತಾನೆ, ಅಲ್ಲಾಹ್ ಮುಚ್ಚಿರ್ತಾನೆ, ಬೆಳಗ್ಗೆ ಎದ್ದು ಇವನೇ ಪರದೆ ಸರಿಸ್ತಾನೆ.

ಗೀಬತ್‌ದೂ ಸ್ಪಷ್ಟ ಇದೆ. ನಿನ್ನ ಸಹೋದರನಿಗೆ ಹಿಡಿಸದ್ದನ್ನ ಅವನಿಲ್ಲದಾಗ ಆಡೋದು. ಅವನಲ್ಲಿ ಅದು ಇರೋದು ನಿಜವೇ ಆದ್ರೆ ಅಂತ ಸಹಾಬಿಗಳು (ಪ್ರವಾದಿಯ ಸಂಗಾತಿಗಳು) ಕೇಳಿದ್ರು. ನಿಜವಾದ್ರೆ ಗೀಬತ್, ಇಲ್ಲದ್ದನ್ನ ಹೇಳಿದ್ರೆ ಬುಹ್ತಾನ್ (ಸುಳ್ಳು ಅಪವಾದ) ಅಂದ್ರು ಪ್ರವಾದಿ(ಸ). ಹಾಗಾಗಿ "ನಾನು ಸತ್ಯಾನೇ ಬರ್ದಿದೀನಿ" ಅನ್ನೋದು ಇಲ್ಲಿ ಕೆಲಸಕ್ಕೆ ಬರಲ್ಲ. ಕುರಾನಿನ ಹುಜುರಾತ್ ಸೂರಾದ (ಅಧ್ಯಾಯದ) 12ನೇ ಆಯತ್ (ವಚನ) ತೆಗೆದು ನೋಡಿ, ಸತ್ತ ಸಹೋದರನ ಮಾಂಸ ತಿಂದ ಹಾಗೆ ಅಂತಿದೆ.

ನಡುರಾತ್ರಿಓದುಗ
ಹಳೇಪೆನ್ನು ಭಾಯಿ, ಹದೀಸ್ ಸರಿ, ಅದನ್ನ ತಂದು ಕೂರಿಸಿದ ಜಾಗ ಸರಿಯಿಲ್ಲ. ಅದು ಮಾಡಬಾರದ್ದು ಮಾಡಿ ಮೀಸೆ ತಿರುವೋರ ಬಗ್ಗೆ. ಇಲ್ಲಿ ಒಬ್ಬ ತಂದೆ ತಾನು ವಾಪಸ್ ಬಂದ ದಾರಿಯನ್ನ ಮಗಳಿಗೆ ಹೇಳಿದ್ದಾರೆ. ಹಾಗಾದ್ರೆ ಕಅಬ್ ಬಿನ್ ಮಾಲಿಕ್(ರ) ಕಥೆ ಹೇಳಿದ್ಯಾರು? ಅವರೇ!

ಗೊತ್ತಿಲ್ಲದವರಿಗೆ: ಹಿಜರಿ 9, ಅಂದ್ರೆ ಕ್ರಿ.ಶ. 630, ತಬೂಕ್ ದಂಡಯಾತ್ರೆ. ಸುಡುಬಿಸಿಲು, ಹಣ್ಣು ಮಾಗಿದ ಕಾಲ, ನೆರಳು ಬಿಟ್ಟು ಹೋಗೋಕೆ ಮನಸ್ಸಿಲ್ಲ. ಕಅಬ್ ನಾಳೆ ಹೊರಡ್ತೀನಿ ನಾಳೆ ಹೊರಡ್ತೀನಿ ಅಂತ ಕೂತೇಬಿಟ್ರು. ದಂಡು ವಾಪಸ್ ಬಂದಾಗ ಉಳಿದುಕೊಂಡವರೆಲ್ಲ ಒಂದೊಂದು ನೆಪ ಒಪ್ಪಿಸಿದ್ರು, ಇವರು ನನಗೆ ಯಾವ ನೆಪವೂ ಇರಲಿಲ್ಲ ಅಂದ್ರು. ಇವರನ್ನೂ ಇನ್ನಿಬ್ಬರನ್ನೂ 50 ರಾತ್ರಿ ಯಾರೂ ಮಾತಾಡಿಸಲಿಲ್ಲ. ಚಿಕ್ಕಪ್ಪನ ಮಗ ಅಬೂ ಕತಾದಾ ಅವರ ತೋಟದ ಗೋಡೆಯನ್ನ ಇವರೇ ಹತ್ತಿ ಸಲಾಂ ಹೇಳಿದ್ರೂ ಜವಾಬಿಲ್ಲ. ಗಸ್ಸಾನ್ ರಾಜನಿಂದ ನಮ್ಮ ಕಡೆ ಬಾ ಅಂತ ಪತ್ರ ಬಂತು, ತಗೊಂಡು ಹೋಗಿ ಒಲೆಗೆ ಹಾಕಿದ್ರು. ಕ್ಷಮೆಯ ಸುದ್ದಿ ಕೂಗಿದವನಿಗೆ ಮೈಮೇಲಿನ ಬಟ್ಟೆ ತೆಗೆದುಕೊಟ್ಟು, ಬೇರೆ ಬಟ್ಟೆ ಕಡ ತಂದು ಉಟ್ಟು ಮಸೀದಿಗೆ ಹೋದ್ರು.

ಇಷ್ಟನ್ನೂ ಯಾರು ನಮಗೆ ಮುಟ್ಟಿಸಿದ್ದು? ಅವರ ಮಗ ಅಬ್ದುಲ್ಲಾಹ್. ಅಪ್ಪನ ಕಣ್ಣು ಹೋದ ಮೇಲೆ ಕೈ ಹಿಡಿದು ನಡೆಸ್ತಿದ್ದ ಮಗ. ಮಗ ಅಪ್ಪನ ಮಾನ ಕಳೆದ ಅಂತ ಯಾರಾದ್ರೂ ಅಂದ್ರಾ?

ಸಾಲುಗಂಬ
ತಲ್ಹಾ(ರ) ಅವರನ್ನ ಬಿಟ್ಟೇಬಿಟ್ರಲ್ಲ! ಅವತ್ತು ಮಸೀದಿಯಲ್ಲಿ ಮುಹಾಜಿರರ (ಮಕ್ಕಾದಿಂದ ವಲಸೆ ಬಂದವರ) ಪೈಕಿ ಎದ್ದು ಓಡಿಬಂದು ಕೈ ಕುಲುಕಿದ್ದು ಅವರೊಬ್ಬರೇ. ಅದನ್ನ ಎಂದೂ ಮರೆಯಲ್ಲ ಅಂತ ಕಅಬ್ ಹೇಳ್ತಾರೆ. ಇಡೀ ಹದೀಸಲ್ಲಿ ನನಗೆ ಗಂಟಲು ಕಟ್ಟೋದು ಅಲ್ಲೇ.

ಹಳೇಪೆನ್ನು
ಕಅಬ್ ವಿಷಯ ಇಡೀ ಮದೀನಾಗೆ ಗೊತ್ತಿತ್ತು. ತೌಬಾ ಸೂರಾದ 118ನೇ ಆಯತ್ತೇ ಆ ಮೂವರ ಬಗ್ಗೆ. ಮುಚ್ಚಿಡೋಕೆ ಏನು ಉಳಿದಿತ್ತು? ಇವರ ಅಬ್ಬಾ ವಿಷಯ ನಾಲ್ಕು ಗೋಡೆ ದಾಟಿರಲಿಲ್ಲ. ಗುಂಪಿಗೆ ಬಿದ್ದ ಮೇಲೆ ಯಾವ ಅಳಿಯನ ಮೊಬೈಲಿಂದ ಎಲ್ಲಿಗೆ ಹೋಗುತ್ತೋ.

ತಂಪುನೆರಳು
ಅಳಿಯಂದಿರ ಮೇಲೇ ಯಾಕೆ ಎಲ್ಲರ ಕಣ್ಣು 😀

ಇಬ್ಬನಿ
ಗಂಡಸರ ತೌಬಾ (ಪಶ್ಚಾತ್ತಾಪ) ಬಗ್ಗೆ ಇಷ್ಟುದ್ದ ಚರ್ಚೆ. ಹೆಂಗಸರದ್ದು ಬಂದ್ರೆ ಚರ್ಚೆನೇ ಇಲ್ಲ, ನೇರ "ಶ್ಶ್".

ನಾನು ದೊಡ್ಡವಳಾದ ಮೇಲೆ ರೋಝಾ (ಉಪವಾಸ) ಇಲ್ಲದ ದಿನಗಳಲ್ಲೂ ಸೆಹ್ರಿಗೆ (ನಸುಕಿನ ಊಟಕ್ಕೆ) ಎದ್ದು ಅಣ್ಣಂದಿರ ಎದುರು ಕೂರಬೇಕಿತ್ತು. ಮಧ್ಯಾಹ್ನ ಅಡುಗೆಮನೆ ಬಾಗಿಲ ಹಿಂದೆ ನಿಂತು, ತಟ್ಟೆ ತಗೊಂಡ್ರೆ ಸದ್ದಾಗುತ್ತೆ ಅಂತ ಅಂಗೈಯಲ್ಲೇ ಹಿಡಿದು ತಿನ್ನೋದು. ಹೆಜ್ಜೆ ಸಪ್ಪಳ ಕೇಳಿದ್ರೆ ಬಾಯಲ್ಲಿ ತುತ್ತು ಇಟ್ಕೊಂಡೇ ನಲ್ಲಿ ತಿರುಗಿಸಿ ಪಾತ್ರೆ ತೊಳೆಯೋ ನಾಟಕ. ನಗಬೇಡಿ, ಎಷ್ಟು ಮನೆಗಳಲ್ಲಿ ಇದು ಈಗಲೂ ನಡೀತಿದೆ ಅಂತ ನಿಮ್ಮ ಅಕ್ಕತಂಗಿಯರನ್ನ ಕೇಳಿ. ಮುಟ್ಟಿನ ದಿನಗಳ ರೋಝಾ ಆಮೇಲೆ ತೀರಿಸೋಕೆ ನಮಗೆ ಹೇಳ್ತಿದ್ರು, ನಮಾಝ್ ತೀರಿಸೋಕೆ ಹೇಳ್ತಿರಲಿಲ್ಲ ಅಂತ ಆಯಿಶಾ(ರ) ಬಾಯಿಬಿಟ್ಟು ಹೇಳಿದ್ದು ಹದೀಸಲ್ಲಿದೆ. ಅವರಿಗಿಲ್ಲದ ಸಂಕೋಚ ನಮ್ಮನೇಲಿ.

ಖೌಲಾ ಬಿಂತ್ ಸಅಲಬಾ(ರ) ನೆನಪಿಸ್ಕೊಳ್ಳಿ. ನೀನು ನನಗೆ ನನ್ನ ತಾಯಿಯ ಬೆನ್ನಿದ್ದ ಹಾಗೆ ಅಂತ ಗಂಡ ಸಿಟ್ಟಲ್ಲಿ ಅಂದುಬಿಟ್ಟ, ಆ ಕಾಲದ ಲೆಕ್ಕದಲ್ಲಿ ಹೆಂಡತಿಯನ್ನ ಬಿಟ್ಟ ಹಾಗೆ. ಆಕೆ ಸೀದಾ ಪ್ರವಾದಿ(ಸ) ಹತ್ರ ಹೋಗಿ ವಾದ ಮಾಡಿದ್ಲು. 58ನೇ ಸೂರಾ ಮುಜಾದಲಾ ಶುರುವಾಗೋದೇ ಆ ಮನೆಜಗಳದಿಂದ. ಗೀಬತ್ ಅಂತ ಯಾರೂ ಆಕೆಯ ಬಾಯಿ ಮುಚ್ಚಿಸಲಿಲ್ಲ.

ಕಡ್ಡಿಮುರಿದವ
ಅದು ನ್ಯಾಯ ಕೇಳೋಕೆ ಹೋಗಿದ್ದು. ವಾಟ್ಸಾಪಲ್ಲಿ ಹಾಕಿದ್ದಲ್ಲ.

ಇಬ್ಬನಿ
ಅಣ್ಣಾ, ಮನೆಯಲ್ಲಿ ನ್ಯಾಯ ಕೇಳೋ ಜಾಗ ಯಾವುದು ಅಂತ ತೋರಿಸಿ, ಅಲ್ಲಿಗೇ ಹೋಗ್ತೀವಿ.

ಹಳೇಪೆನ್ನು
ಇಬ್ಬನಿ ಆಪಾ ಮಾತಿಗೆ ನಾನೇ ಒಂದು ಆಧಾರ ಕೊಡ್ತೀನಿ. 13ನೇ ಶತಮಾನದ ಇಮಾಮ್ ನವವಿ ಗೀಬತ್‌ಗೆ ಆರು ರಿಯಾಯಿತಿ ಲೆಕ್ಕ ಹಾಕಿದ್ದಾರೆ. ಅನ್ಯಾಯದ ದೂರು, ತಪ್ಪು ತಿದ್ದೋಕೆ ಸಹಾಯ, ಫತ್ವಾ ಕೇಳೋದು, ಎಚ್ಚರಿಸೋದು ಎಲ್ಲ ಬರುತ್ತೆ. ಹಿಂದ್(ರ) ಬಂದು ನನ್ನ ಗಂಡ ಅಬೂ ಸುಫ್ಯಾನ್ ಜಿಪುಣ, ನನಗೂ ಮಕ್ಕಳಿಗೂ ಸಾಕಾಗೋಷ್ಟು ಕೊಡಲ್ಲ ಅಂದಾಗ, ಪ್ರವಾದಿ(ಸ) ಗಂಡನ ಬಗ್ಗೆ ಹೀಗೆಲ್ಲ ಹೇಳ್ತೀಯಾ ಅನ್ನಲಿಲ್ಲ. ನಿನಗೂ ಮಕ್ಕಳಿಗೂ ಬೇಕಾದಷ್ಟನ್ನ ನ್ಯಾಯವಾಗಿ ತಗೋ ಅಂದ್ರು. ಆದ್ರೆ ನೋಡಿ, ಆ ಆರರಲ್ಲಿ "ನೆನಪಿಗೆ ಬರೆದಿಡೋದು" ಅಂತ ಒಂದಿಲ್ಲ.

ಹೊಸಬಾಗಿಲು
ನನ್ನ ಸಮಸ್ಯೆ ಉಲ್ಟಾ. ನಾನು ಇಸ್ಲಾಂಗೆ ಬಂದು ಕೆಲವು ವರ್ಷ ಆಯ್ತು. ಯಾವ ಮಸೀದಿಗೆ ಹೋಗಲಿ, ಯಾವ ಮನೆಗೆ ಹೋಗಲಿ, ಮೊದಲ ಪ್ರಶ್ನೆ: "ನೀವು ಹೇಗೆ ಬಂದ್ರಿ? ಹೇಳಿ ಹೇಳಿ." ಹೇಳಿದ್ರೆ ಕಣ್ಣೊರೆಸ್ಕೊಳ್ತಾರೆ, ತಬ್ಕೊಳ್ತಾರೆ, ಫೋನಲ್ಲಿ ಹಿಡ್ಕೊಳ್ತಾರೆ. ಬಂದ ಮೇಲೆ ಏನಾಯ್ತು ಅಂತ ಯಾರೂ ಕೇಳಲ್ಲ. ಮೊದಲ ಈದ್ ದಿನ ನಮಾಝ್ ಮುಗಿದು ಎಲ್ಲರೂ ಅವರವರ ಮನೆಗೆ ಹೊರಟ್ರು. ನಾನು ಚಪ್ಪಲಿ ಹುಡುಕೋ ನೆಪದಲ್ಲಿ ಅಲ್ಲೇ ಸುತ್ತಾಡ್ತಿದ್ದೆ, ಯಾರಾದ್ರೂ ಕರೀತಾರೇನೋ ಅಂತ.

ಅಮ್ಮ ಇನ್ನೂ ಅವರ ಧರ್ಮದಲ್ಲೇ ಇದ್ದಾರೆ. ನನ್ನ ಕಥೆ ಹೇಳುವಾಗ ಕೇಳೋರಿಗೆ ಅಮ್ಮ ಖಳನಾಯಕಿ ಆಗಬೇಕು. ಅಮ್ಮ ಬೈದ್ರಾ? ಮನೆಯಿಂದ ಹಾಕಿದ್ರಾ? ಇಲ್ಲಪ್ಪ. ಸೆಹ್ರಿಗೆ ಅಲಾರ್ಮ್ ಕೇಳದಿದ್ರೆ ಎಬ್ಬಿಸ್ತಾ ಇದ್ದಿದ್ದು ಅಮ್ಮನೇ. ಅದು ಹೇಳಿದ್ರೆ ಕಥೆ ಸಪ್ಪೆ ಅನ್ನೋ ಮುಖ ಮಾಡ್ತಾರೆ. ಅದಕ್ಕೇ ಈಗೀಗ "ಇನ್ನೊಂದು ದಿನ ಹೇಳ್ತೀನಿ" ಅಂತ ಜಾರಿಕೊಳ್ತೀನಿ.

ಬಿಳಿಸೆರಗು
ಹೊಸಬಾಗಿಲು, ಮಗಾ, ನಿನ್ನ ಅಮ್ಮನ ವಿಷಯ ಓದಿ ಅಸ್ಮಾ ಬಿಂತ್ ಅಬೂಬಕ್ಕರ್(ರ) ನೆನಪಾದ್ರು. ಅವರ ತಾಯಿ ಇನ್ನೂ ಇಸ್ಲಾಂಗೆ ಬಂದಿರಲಿಲ್ಲ, ಮಗಳನ್ನ ನೋಡೋಕೆ ಮದೀನಾಗೆ ಬಂದ್ರು. ಸಂಬಂಧ ಇಟ್ಕೊಳ್ಳಲಾ ಅಂತ ಅಸ್ಮಾ ಕೇಳಿದ್ದಕ್ಕೆ, ಹೌದು, ತಾಯಿ ಜೊತೆ ಸಂಬಂಧ ಇಟ್ಕೋ ಅಂದ್ರು ಪ್ರವಾದಿ(ಸ). ಆ ಸಪ್ಪೆ ಕಥೆನೇ ನೀನು ಹೇಳು. ಕೇಳೋಕೆ ನಾವಿದ್ದೀವಿ.

ಉಪ್ಪನಮೊಮ್ಮಗ
ಹೊಸಬಾಗಿಲು ಬರೆದಿದ್ದಕ್ಕೆ ನೂರು ಲೈಕು. "ಹೇಗೆ ಬಂದ್ರಿ" ಕಥೆಗಳಿಗೆ ಒಂದು ಅಚ್ಚು ಆಗಿಬಿಟ್ಟಿದೆ: ಕತ್ತಲು, ಕನಸು, ಬೆಳಕು, ಕಣ್ಣೀರು. ಅಚ್ಚಿಗೆ ಕೂರದ್ದೆಲ್ಲ ಕತ್ತರಿಸಿ ಬಿಸಾಕೋದು.

ಗಝಾಲಿ ಬರೆದಿದ್ದು ಹಾಗಿಲ್ಲ. 1095ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸಾದಲ್ಲಿ ಪಾಠ ಮಾಡ್ತಿದ್ದ ದೊಡ್ಡ ಹೆಸರಿನ ವಿದ್ವಾಂಸ. ನಾನು ಕಲಿಸ್ತಿರೋದು ಅಲ್ಲಾಹ್‌ಗಾಗಿಯಾ ಹೆಸರಿಗಾಗಿಯಾ ಅನ್ನೋ ಸಂಶಯ ಹತ್ತಿ ತಿಂಗಳುಗಟ್ಟಲೆ ತೊಳಲಾಡಿ, ಕೊನೆಗೆ ನಾಲಿಗೆಯೇ ಹೊರಳದೆ ಪಾಠ ನಿಂತುಹೋಯ್ತು. ವೈದ್ಯರೂ ಕೈಚೆಲ್ಲಿದ್ರು. ಎಲ್ಲ ಬಿಟ್ಟು ಊರು ಬಿಟ್ಟು ಹೊರಟ್ರು. ಆಮೇಲೆ ಇದನ್ನೆಲ್ಲ ತಾವೇ ಬರೆದಿಟ್ರು. ಅಂಥವರೇ ನನಗೆ ಸಂಶಯ ಬಂದಿತ್ತು ಅಂತ ಬರೆಯಬಹುದಾದ್ರೆ ಒಬ್ಬರ ಅಬ್ಬಾ ನಮಾಝ್ ಬಿಟ್ಟಿದ್ದು ಯಾವ ಮಹಾ ಗುಟ್ಟು?

ಕಡ್ಡಿಮುರಿದವ
ಗಝಾಲಿ ತಮ್ಮದು ತಾವು ಬರೆದ್ರು. ಅವರ ಮಗಳು ಬರೆದು ಗುಂಪಿಗೆ ಹಾಕಿರಲಿಲ್ಲ.

ನಡುರಾತ್ರಿಓದುಗ
ಈ ಮಾತಿಗೆ ಮಾತ್ರ ತಲೆಬಾಗಿದೆ. ತನ್ನದು ತಾನು ಹೇಳೋದು ಬೇರೆ, ಬೇರೆಯವರದ್ದು ಹೇಳೋದು ಬೇರೆ. ಅಕ್ಕ, ಗುಂಪಿಗೆ ಹಾಕೋ ಮುಂಚೆ ಅಬ್ಬಾನ ಕೇಳಿದ್ರಾ?

ಹಾಳೆಪೆಟ್ಟಿಗೆ
ಬರೆದಿದ್ದನ್ನ ಓದಿ ಹೇಳಿದ್ದೆ. "ಹ್ಞೂಂ" ಅಂದ್ರು. ಹಾಕು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ತಂಪುನೆರಳು
ಅಪ್ಪಂದಿರ "ಹ್ಞೂಂ"ಗೆ ಅರ್ಥ ಹುಡುಕೋಕೆ ಹೋದ್ರೆ ಈ ಚರ್ಚೆ ಮುಂದಿನ ರಮಝಾನ್‌ವರೆಗೂ ಮುಗಿಯಲ್ಲ.

ಬಿಳಿಸೆರಗು
ನಾನು ಮಯ್ಯತ್ ಗುಸ್ಲ್ (ಶವಸ್ನಾನ) ಮಾಡಿಸೋಕೆ ಹೋಗ್ತೀನಿ, ಹೆಂಗಸರದ್ದು. ಇಲ್ಲಿ ನಾನು ಕಲಿತದ್ದೊಂದು ಹೇಳ್ತೀನಿ. ಮೈಮೇಲೆ ಕಂಡ ಗಾಯ, ಗುರುತು, ರೋಗ, ಏನೇ ಇರಲಿ, ಅದು ಆ ಕೋಣೆ ದಾಟಬಾರದು. ನನ್ನ ಸ್ವಂತ ಅಕ್ಕ ಕೇಳಿದ್ರೂ ನಾನು ಹೇಳಲ್ಲ.

ಹಾಗಂತ ಎಲ್ಲಾನೂ ಮುಚ್ಚಿಡಬೇಕಾ? ಪ್ರವಾದಿ(ಸ) ಮಗಳು ತೀರಿಕೊಂಡಾಗ ಗುಸ್ಲ್ ಮಾಡಿಸಿದ ಉಮ್ಮು ಅತಿಯ್ಯಾ(ರ) ಏನೇನು ಹೇಳಿದ್ರು ನೋಡಿ: ಬಲಗಡೆಯಿಂದ ಶುರು ಮಾಡಿ, ಬೆಸ ಸಂಖ್ಯೆಯಲ್ಲಿ ತೊಳೀರಿ, ಬೋರೆ ಎಲೆ ಹಾಕಿದ ನೀರು, ಕೊನೆಗೆ ಕರ್ಪೂರ. ಮುಗಿದ ಮೇಲೆ ತಿಳಿಸಿ ಅಂತ ಪ್ರವಾದಿ(ಸ) ಅಂದಿದ್ರಂತೆ, ತಿಳಿಸಿದಾಗ ತಮ್ಮ ಸೊಂಟದ ವಸ್ತ್ರ ತೆಗೆದುಕೊಟ್ಟು ಇದನ್ನ ಅವಳ ಮೈಗೆ ತಾಗೋ ಹಾಗೆ ಸುತ್ತಿ ಅಂದ್ರಂತೆ. ಕೂದಲನ್ನ ಮೂರು ಜಡೆ ಹಾಕಿದೆವು ಅಂತಾರೆ. ಒಬ್ಬ ತಂದೆಯ ದುಃಖ ಎಷ್ಟು ಹತ್ತಿರದಿಂದ ಕಾಣುತ್ತೆ! ಆದ್ರೆ ಮೈಮೇಲೆ ಏನು ಕಂಡಿತು ಅನ್ನೋದರ ಬಗ್ಗೆ ಒಂದು ಮಾತಿಲ್ಲ.

ನಮ್ಮಮ್ಮಿಗೆ ನಾನೇ ಮಾಡಿಸಿದೆ. ಚಿಕ್ಕವಳಿದ್ದಾಗ ಸ್ಕೂಲಿಗೆ ಹೋಗುವಾಗ ಅಮ್ಮಿ ನನಗೆ ಜಡೆ ಬಿಗಿಯಾಗಿ ಹಾಕ್ತಿದ್ಲು, ನೋವು ಅಂತ ಕೂಗ್ತಿದ್ದೆ. ಅವತ್ತು ಅವಳ ಕೂದಲು ನನ್ನ ಕೈಯಲ್ಲಿ, ತೆಳ್ಳಗೆ, ಒದ್ದೆ. ಬಿಗಿಯಾದ್ರೆ ನೋವಾಗುತ್ತೇನೋ ಅಂತ ಸಡಿಲ ಹಾಕಿದೆ. ಪಕ್ಕದಲ್ಲಿದ್ದ ಹಿರಿಯಾಕೆ ಏನೂ ಅನ್ನಲಿಲ್ಲ, ತುದಿ ಬಿಚ್ಚಿಕೊಳ್ಳದ ಹಾಗೆ ಹಿಡ್ಕೊಂಡ್ರು.

ಇಬ್ಬನಿ
😢 ಅಲ್ಲಾಹ್ ಅಮ್ಮಿಗೆ ಮಗ್ಫಿರತ್ (ಕ್ಷಮೆ) ಕೊಡಲಿ ಆಪಾ.

ಹಳೇಪೆನ್ನು
ಆಮೀನ್. ಓದುವವರಿಗೆ ಗೊಂದಲ ಆಗದಿರಲಿ ಅಂತ ಒಂದು ಮಾತು: ಹನಫಿ ಪಂಥದವರಲ್ಲಿ ಕೂದಲನ್ನ ಎರಡು ಭಾಗ ಮಾಡಿ ಎದೆಯ ಮೇಲೆ ಇಡೋದು. ಮೂರು ಜಡೆ ಹಾಕಿ ಹಿಂದೆ ಬಿಡೋದು ಶಾಫಿ ಪಂಥದವರು ಮತ್ತಿತರರು.

ತಂಪುನೆರಳು
ಭಾಯಿ, ಇಲ್ಲೂ ಮಸ್‌ಅಲಾನಾ...

ಬಿಳಿಸೆರಗು
ಬೇಜಾರಿಲ್ಲ ಬಿಡಿ, ಅವರು ಹೇಳಿದ್ದು ಸರಿಯಾಗೇ ಇದೆ. ಹನಫಿ ಮನೆಗೆ ಹೋದಾಗ ನಾನೂ ಹಾಗೇ ಮಾಡೋದು.

ಸಾಲುಗಂಬ
ಹಾಳೆಪೆಟ್ಟಿಗೆ ಅಕ್ಕ, ಬೇರೆ ಒಂದು ಅನುಮಾನ. ಅಬ್ಬಾ ಕಥೆಯಲ್ಲಿ ಚಾಚಾ ಬರ್ತಾರಾ? ಅಣ್ಣ ನಮಾಝ್ ಬಿಟ್ಟಿದ್ದಕ್ಕೆ ತಮ್ಮನಿಗೆ ಗಂಟೆಯೊಳಗೆ ಫೋನ್ ಮಾಡೋವಷ್ಟು ಸಿಟ್ಟು ಬರಲ್ಲ.

ಹಾಳೆಪೆಟ್ಟಿಗೆ
...ಒಂದು ಸಾಲಿದೆ. ಚಿಕ್ಕ ಚಾಚಾ ತೀರಿಕೊಂಡಾಗ ಆಸ್ತಿ ವಿಷಯಕ್ಕೆ ಮಾತು ಬಿಟ್ಟಿದ್ದರಿಂದ ದೊಡ್ಡ ಚಾಚಾ ಜನಾಝಾಗೆ (ಅಂತ್ಯಕ್ರಿಯೆಗೆ) ಬಂದು ದೂರ ನಿಂತು ಹೋದ್ರು, ಅಬ್ಬಾ ಹತ್ರ ಬರಲಿಲ್ಲ ಅಂತ. ಅಬ್ಬಾ ಹಾಗೇ ಹೇಳಿದ್ದು. ಅದು ನಿಜ ಕೂಡ.

ಸಾಲುಗಂಬ
ಸಿಕ್ತಲ್ಲ.

ಹಳೇಪೆನ್ನು
ನಿಜ ಅಂತಲೇ ಅದು ಗೀಬತ್. ಮೇಲೆ ಹೇಳಿದ್ದೆ. ಅಬ್ಬಾದು ಅಬ್ಬಾ ಹೇಳ್ಕೊಳ್ಳಲಿ, ಚಾಚಾದು ಯಾಕೆ?

ಹಾಳೆಪೆಟ್ಟಿಗೆ
ಆ ಸಾಲು ತೆಗೆದ್ರೆ ಅಬ್ಬಾ ನಮಾಝ್ ಯಾಕೆ ಬಿಟ್ರು ಅನ್ನೋದೇ ಗೊತ್ತಾಗಲ್ಲ. ತಮ್ಮ ಹೋಗಿದ್ದಕ್ಕೆ ಅಲ್ಲ ಅವರು ಬಿಟ್ಟಿದ್ದು. "ಸಫ್‌ನಲ್ಲಿ (ನಮಾಝ್ ಸಾಲಲ್ಲಿ) ಹೆಗಲಿಗೆ ಹೆಗಲು ಕೊಟ್ಟು ನಿಲ್ಲೋರು ಅವತ್ತು ಎಲ್ಲಿದ್ರು" ಅಂತ ಬಿಟ್ಟಿದ್ದು. ಅದನ್ನ ಬಿಟ್ಟು ಬರೆದ್ರೆ ಅಬ್ಬಾ ಸೋಮಾರಿ ಆಗ್ತಾರೆ. ಒಬ್ಬರ ಮಾನ ಉಳಿಸೋಕೆ ಇನ್ನೊಬ್ಬರದ್ದು ಕಳೆಯೋದಾ?

ಉಪ್ಪನಮೊಮ್ಮಗ
ಯಪ್ಪಾ. ಇದಕ್ಕೆ ಉತ್ತರ ಕೊಡಿ ಹಳೇಪೆನ್ನು.

ಹಳೇಪೆನ್ನು
"ಹತ್ತಿರದವರೇ ದೂರ ನಿಂತರು" ಅಂತ ಬರೀರಿ. ಯಾರು ಅಂತ ಬೇಡ. ತಪ್ಪು ತಿದ್ದಬೇಕಾದಾಗ ಪ್ರವಾದಿ(ಸ) ಕೂಡ "ಕೆಲವರಿಗೆ ಏನಾಗಿದೆ, ಹೀಗೀಗೆ ಮಾಡ್ತಾರೆ" ಅಂತಿದ್ರು, ಹೆಸರು ಹಿಡೀತಿರಲಿಲ್ಲ.

ಇಬ್ಬನಿ
ಕುಟುಂಬದ ಗುಂಪಲ್ಲಿ "ಹತ್ತಿರದವರು" ಅಂದ್ರೆ ಮೂರನೇ ಕ್ಲಾಸಿನ ಮಗೂಗೂ ಗೊತ್ತಾಗುತ್ತೆ ಯಾರು ಅಂತ.

ಹಳೇಪೆನ್ನು
ಗೊತ್ತಿರೋರಿಗೆ ಮೊದಲೇ ಗೊತ್ತು. ನಲವತ್ತು ವರ್ಷ ಬಿಟ್ಟು ಓದೋ ಮರಿಮಕ್ಕಳಿಗೆ ಗೊತ್ತಾಗಬೇಕಾ?

ನಡುರಾತ್ರಿಓದುಗ
ಇಲ್ಲ, ಮರಿಮಕ್ಕಳಿಗೇ ಗೊತ್ತಾಗಬೇಕು! ಉಮರ್ ಇಬ್ನ್ ಸಈದ್ ಅಂತ ಒಬ್ಬರಿದ್ರು, ಪಶ್ಚಿಮ ಆಫ್ರಿಕಾದ ವಿದ್ವಾಂಸ. 1807ರಲ್ಲಿ ಹಿಡಿದು ಅಮೆರಿಕಾಗೆ ಗುಲಾಮನಾಗಿ ಸಾಗಿಸಿದ್ರು. 1831ರಲ್ಲಿ ತನ್ನ ಜೀವನವನ್ನ ಅರಬಿಯಲ್ಲಿ ಬರೆದ್ರು. ಶುರುವಾಗೋದೇ ಮುಲ್ಕ್ ಸೂರಾದಿಂದ, ಎಲ್ಲ ಒಡೆತನವೂ ಅಲ್ಲಾಹ್‌ನದ್ದು ಅನ್ನೋ ಸೂರಾ, ಅದೂ ಯಜಮಾನರ ಮನೆಯಲ್ಲಿ ಕೂತು! ಆ ನಾಲ್ಕು ಹಾಳೆ ಬರೆಯದೆ ಹೋಗಿದ್ರೆ ಅವರು ಯಾವುದೋ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಆಗಿರ್ತಿದ್ರು. ನೋವಾಗುತ್ತೆ ಅಂತ ನೋವು ಕೊಟ್ಟವರ ಹೆಸರೇ ತೆಗೀತಾ ಹೋದ್ರೆ ಕೊನೆಗೆ ಉಳಿಯೋದೇನು?

ಹಳೇಪೆನ್ನು
ಗುಲಾಮಗಿರಿಯನ್ನೂ ಚಾಚಾ ದೂರ ನಿಂತಿದ್ದನ್ನೂ ಹೋಲಿಸೋದಾ? ದೊಡ್ಡ ಮಾತಾಯ್ತು.

ಬಿಳಿಸೆರಗು
ಚಾಚಾಗೆ ಈಗ ವಯಸ್ಸೆಷ್ಟು ಮಗಳೇ? ಅವರನ್ನೂ ಕೂರಿಸಿ ಕೇಳಿದ್ಯಾ? ಅವರ ಕಡೆದೂ ಒಂದು ಇರುತ್ತೆ. ದೂರ ನಿಂತವರಿಗೆ ಹತ್ತಿರ ಬರೋಕೆ ಧೈರ್ಯ ಇರಲಿಲ್ವೇನೋ. ಜನಾಝಾಗಳಲ್ಲಿ ಅಂಥವರನ್ನ ಬೇಕಾದಷ್ಟು ನೋಡಿದೀನಿ, ಗೇಟಿನ ಹತ್ರ ನಿಂತು ಅಳ್ತಿರ್ತಾರೆ.

ಹಾಳೆಪೆಟ್ಟಿಗೆ
ಇಲ್ಲ ಆಪಾ, ಕೇಳಿಲ್ಲ. ಫೋನ್ ಮಾಡಿದ್ರೆ ಎತ್ತುತ್ತಾರೋ ಇಲ್ವೋ. ಸದ್ಯಕ್ಕೆ ಗುಂಪಿಂದ ತೆಗೆದಿದ್ದೀನಿ, ನನ್ನ ಪುಸ್ತಕದಲ್ಲಿ ಆ ಸಾಲು ಹಾಗೇ ಇದೆ. ಅಲ್ಲಿಂದ ಅದನ್ನ ತೆಗೆಯಲ್ಲ, ಯಾರೇ ಹೇಳಲಿ.

ಕಡ್ಡಿಮುರಿದವ
ಇದು ಸರಿ. ಪುಸ್ತಕ ನಿಮ್ಮದು, ಗುಂಪು ಎಲ್ಲರದ್ದು.

ಉಪ್ಪನಮೊಮ್ಮಗ
ಅಬ್ಬ, ಕಡ್ಡಿಮುರಿದವ ಒಂದಾದ್ರೂ ಒಪ್ಪಿದ್ರು. ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೆ.

ನನ್ನದೂ ಒಂದು ಪ್ರಶ್ನೆ, ವಿಷಯ ಸ್ವಲ್ಪ ಬೇರೆ. ನಾನೂ ಉಮ್ಮುಮ್ಮನ (ಅಜ್ಜಿಯ) ಮಾತು ರೆಕಾರ್ಡ್ ಮಾಡ್ತಾ ಇದ್ದೀನಿ. ಒಂದಕ್ಕೂ ಇಸವಿ ಇಲ್ಲ. "ಸೆಕೆಗಾಲದ ನೋಂಬಿನಲ್ಲಿ ನಿನ್ನ ಮಾವ ಹುಟ್ಟಿದ", "ಚಳಿಗಾಲದ ಪೆರ್ನಾಲಿಗೆ ನನ್ನ ಮದುವೆ ಮಾತಾಯ್ತು", ಹೀಗೇ ಹೇಳ್ತಾರೆ (ನೋಂಬು ಅಂದ್ರೆ ರಮಝಾನ್ ಉಪವಾಸ, ಪೆರ್ನಾಲ್ ಅಂದ್ರೆ ಈದ್). ಇದರಿಂದ ಇಸವಿ ಕಂಡುಹಿಡಿಯೋದು ಹೇಗೆ?

ಸಾಲುಗಂಬ
ಅಯ್ಯೋ ಅದು ಚಿನ್ನದಂಥ ಸುಳಿವು! ಹಿಜರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ 10-11 ದಿನ ಚಿಕ್ಕದು, ಹಾಗಾಗಿ ರಮಝಾನ್ ಪ್ರತಿ ವರ್ಷ ಅಷ್ಟು ಹಿಂದೆ ಸರಿಯುತ್ತೆ. ಸುಮಾರು 33 ವರ್ಷಕ್ಕೆ ಒಂದು ಸುತ್ತು. ಉದಾಹರಣೆಗೆ ಜೂನ್ ಆಸುಪಾಸಲ್ಲಿ ರಮಝಾನ್ ಶುರುವಾಗಿದ್ದು 1951ರಲ್ಲಿ, ಮತ್ತೆ 1984ರಲ್ಲಿ, ಮತ್ತೆ 2016ರಲ್ಲಿ. ನಿಮ್ಮ ಮಾವ ಈ ಮೂರರಲ್ಲಿ ಯಾವುದರ ಹತ್ತಿರ ಅನ್ನೋದು ಮುಖ ನೋಡಿದ್ರೇ ಗೊತ್ತಾಗುತ್ತಲ್ಲ.

ತಂಪುನೆರಳು
2016 ಅಂತೂ ಅಲ್ಲ 😀

ಹಳೇಪೆನ್ನು
ಸೇರಿಸ್ತೀನಿ: ವಯಸ್ಸು ಕೇಳುವಾಗ ಯಾವ ಲೆಕ್ಕ ಅಂತಲೂ ಕೇಳಿ. ಹಿಜರಿಯಲ್ಲಿ ಎಣಿಸಿದವರಿಗೆ 66 ಅಂದ್ರೆ ಇಂಗ್ಲಿಷ್ ಲೆಕ್ಕದಲ್ಲಿ 64. ಇನ್ನೊಂದು ತಮಾಷೆ, 2030ರಲ್ಲಿ ರಮಝಾನ್ ಎರಡು ಸಲ ಶುರುವಾಗುತ್ತೆ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ. ಆ ವರ್ಷ ಹುಟ್ಟಿದ ಮಕ್ಕಳ ಕಥೆ ಬರೆಯೋರು ಜೋಪಾನ.

ಹೊಸಬಾಗಿಲು
ಇದು ಉಪಯೋಗಕ್ಕೆ ಬರುತ್ತೆ. ನಾನು ಶಹಾದಾ (ಇಸ್ಲಾಂ ಒಪ್ಪೋ ಸಾಕ್ಷ್ಯದ ಮಾತು) ಹೇಳಿದ್ದು ಯಾವ ಹಿಜರಿ ತಿಂಗಳು ಅಂತ ಇವತ್ತು ಹುಡುಕ್ತೀನಿ. ಬಿಳಿಸೆರಗು ಆಪಾ, ಅಮ್ಮನ ಕಥೆ ಬೇರೆ ಎಳೆ ತೆಗೆದು ಹಾಕ್ತೀನಿ, ಅಮ್ಮನ್ನ ಕೇಳಿಯೇ.

ಉಪ್ಪನಮೊಮ್ಮಗ
ಈಗಷ್ಟೇ ಲೆಕ್ಕ ಹಾಕಿ ಉಮ್ಮುಮ್ಮಗೆ ಹೇಳಿದೆ, ಮಾವ 1951, ಅಂದ್ರೆ ನೀವು ಕಡೇಪಕ್ಷ 90 ದಾಟಿದೀರಿ ಅಂತ. ಹಾಸಿಗೆ ಮೇಲೆ ಎದ್ದು ಕೂತು ಬೈದ್ರು: ಎಂಬತ್ತರ ಮೇಲೆ ಒಂದು ದಿನ ಹೆಚ್ಚು ಬರೆದ್ರೆ ಇನ್ನು ಬಾಯಿ ಬಿಡಲ್ಲವಂತೆ.